ಮೆಕಿನ್ಲಿ ಸುಂಕ ಮತ್ತು ಕಾರ್ಖಾನೆಗಳ ಅಮೆರಿಕ: ಕಟ್ಟಿದ್ದು ಯಾವುದು, ಗಳಿಸಿದವರು ಯಾರು?

ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದ ದಿನವೇ, ಅಂದರೆ 2025ರ ಜನವರಿ 20ರಂದು, ಅಲಾಸ್ಕಾದ ಡೆನಾಲಿ ಶಿಖರಕ್ಕೆ ‘ಮೌಂಟ್ ಮೆಕಿನ್ಲಿ’ ಎಂಬ ಹಳೆಯ ಹೆಸರನ್ನು ಮರಳಿ ಕೊಡುವ ಆದೇಶ ಹೊರಡಿಸಿದರು. ವಿಲಿಯಂ ಮೆಕಿನ್ಲಿ 1897ರಿಂದ 1901ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದವರು. ಅದಕ್ಕೂ ಮೊದಲು, ಕೆಳಮನೆಯ ಸದಸ್ಯರಾಗಿದ್ದಾಗ, 1890ರ ಆಮದು ಸುಂಕ ಕಾಯ್ದೆಯನ್ನು ರೂಪಿಸಿದವರು. 1870ರಿಂದ 1913ರವರೆಗೆ ಅಮೆರಿಕ ಹಿಂದೆಂದೂ ಇಲ್ಲದಷ್ಟು ಶ್ರೀಮಂತವಾಗಿತ್ತು, ಅದಕ್ಕೆ ಸುಂಕವೇ ಕಾರಣ ಎಂದು ಟ್ರಂಪ್ ಹಲವು ಸಲ ಹೇಳಿದ್ದಾರೆ. ಆ ನಂಬಿಕೆಯ ಮೇಲೆಯೇ 2025ರ ಏಪ್ರಿಲ್ 2ರಂದು ಬಹುತೇಕ ಎಲ್ಲ ದೇಶಗಳ ಸರಕಿನ ಮೇಲೆ ಸುಂಕ ಘೋಷಣೆಯಾಯಿತು. ಆಗಸ್ಟ್ ಕೊನೆಗೆ ಭಾರತದ ಅನೇಕ ಸರಕುಗಳ ಮೇಲಿನ ಸುಂಕ ಶೇ 50ಕ್ಕೆ ಏರಿತು.

ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಅಂದು ಸುಂಕ ಎತ್ತರದಲ್ಲಿತ್ತು, ಅಂದೇ ಅಮೆರಿಕ ಜಗತ್ತಿನ ದೊಡ್ಡ ಕೈಗಾರಿಕಾ ದೇಶವಾಯಿತು. ಎರಡೂ ನಿಜ. ಹಾಗಿದ್ದರೆ ಒಂದು ಇನ್ನೊಂದಕ್ಕೆ ಕಾರಣ ಎನ್ನುವುದರಲ್ಲಿ ತಪ್ಪೇನು? ಆ ನಾಲ್ಕು ದಶಕಗಳಲ್ಲಿ ಅಮೆರಿಕದ ಕೆಲಸ, ವ್ಯವಹಾರ, ಸಮಾಜ ಹೇಗೆ ಬದಲಾದವು ಎಂದು ಬಿಡಿಸಿ ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಬದಲಾವಣೆಯ ಗಾತ್ರ

1870ರಲ್ಲಿ ಅಮೆರಿಕದ ಜನಸಂಖ್ಯೆ ನಾಲ್ಕು ಕೋಟಿಗೂ ಕಡಿಮೆ. ದುಡಿಯುವವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಬೇಸಾಯದಲ್ಲಿದ್ದರು. ರೈಲು ಮಾರ್ಗ ಸುಮಾರು 53,000 ಮೈಲಿ, ಉಕ್ಕಿನ ಉತ್ಪಾದನೆ ವರ್ಷಕ್ಕೆ ಒಂದು ಲಕ್ಷ ಟನ್ನಿಗೂ ಕಡಿಮೆ. 1913ರ ಹೊತ್ತಿಗೆ ಜನಸಂಖ್ಯೆ ಒಂಬತ್ತೂವರೆ ಕೋಟಿ ದಾಟಿತ್ತು, ಉಕ್ಕು ಮೂರು ಕೋಟಿ ಟನ್ ಮುಟ್ಟಿತ್ತು. ಜಗತ್ತಿನ ಒಟ್ಟು ಕೈಗಾರಿಕಾ ಉತ್ಪಾದನೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅಮೆರಿಕದ್ದಾಗಿತ್ತು. 1920ರ ಜನಗಣತಿಯಲ್ಲಿ ಮೊದಲ ಬಾರಿಗೆ ಪಟ್ಟಣವಾಸಿಗಳು ಹಳ್ಳಿಯವರಿಗಿಂತ ಹೆಚ್ಚಾದರು.

ಇದೇ ಅವಧಿಯ ಬಹುಭಾಗ, ಸುಂಕಕ್ಕೆ ಒಳಪಟ್ಟ ಆಮದಿನ ಮೇಲೆ ಸರಾಸರಿ ಶೇ 40ರಿಂದ 50ರಷ್ಟು ಸುಂಕವಿತ್ತು. ದೇಶದ ಸುತ್ತ ಎತ್ತರದ ಗೋಡೆ ಇತ್ತು ಎನ್ನಲು ಅಡ್ಡಿಯಿಲ್ಲ. ಆದರೆ ಗೋಡೆಯ ಒಳಗೆ ಏನಿತ್ತು ಎಂಬುದನ್ನು ಸುಂಕದ ಪರ ಮಾತನಾಡುವವರು ಬಿಟ್ಟುಬಿಡುತ್ತಾರೆ.

ಒಳಗೆ ಸುಂಕವಿಲ್ಲದ ಮಾರುಕಟ್ಟೆ

ಅಮೆರಿಕದ ಸಂವಿಧಾನದ ಪ್ರಕಾರ ಒಂದು ರಾಜ್ಯ ಇನ್ನೊಂದು ರಾಜ್ಯದ ಸರಕಿನ ಮೇಲೆ ಸುಂಕ ಹಾಕುವಂತಿಲ್ಲ. ಅಟ್ಲಾಂಟಿಕ್ ಕರಾವಳಿಯಿಂದ ಪೆಸಿಫಿಕ್ ಕರಾವಳಿಯವರೆಗೆ ಒಂದೇ ಹಣ, ಸುಂಕದ ಕಟ್ಟೆ ಇಲ್ಲದ ಒಂದೇ ಮಾರುಕಟ್ಟೆ. ಅಷ್ಟು ದೊಡ್ಡ ಮುಕ್ತ ವ್ಯಾಪಾರದ ಪ್ರದೇಶ ಆಗ ಯುರೋಪಿನಲ್ಲಿ ಎಲ್ಲೂ ಇರಲಿಲ್ಲ. ಕಾಗದದ ಮೇಲಿದ್ದ ಈ ಮಾರುಕಟ್ಟೆಯನ್ನು ನೆಲದ ಮೇಲೆ ತಂದದ್ದು ರೈಲು. 1869ರ ಮೇ 10ರಂದು ಯೂಟಾದ ಪ್ರಾಮಂಟರಿ ಸಮಿಟ್‌ನಲ್ಲಿ ಪೂರ್ವ–ಪಶ್ಚಿಮದ ಹಳಿಗಳು ಕೂಡಿದವು.

ಹಳಿ ಕೂಡಿದರೆ ಸಾಲದು, ಅಳತೆಯೂ ಕೂಡಬೇಕು. ದಕ್ಷಿಣದ ರಾಜ್ಯಗಳ ರೈಲುಗಳು ಐದು ಅಡಿ ಅಗಲದ ಹಳಿಯಲ್ಲಿ ಓಡುತ್ತಿದ್ದವು, ಉತ್ತರದ ಗೇಜು ಸುಮಾರು 4 ಅಡಿ 9 ಇಂಚು. ಗೇಜು ಬದಲಾಗುವ ಕಡೆ ಸರಕನ್ನು ಇಳಿಸಿ ಮತ್ತೆ ಏರಿಸಬೇಕು, ಇಲ್ಲವೇ ಬೋಗಿಯನ್ನು ಎತ್ತಿ ಕೆಳಗಿನ ಚಕ್ರದ ಜೋಡಣೆಯನ್ನೇ ಬದಲಿಸಬೇಕು. ಎರಡರಲ್ಲೂ ಹೊತ್ತು ಹಾಳು, ಕೂಲಿ ಖರ್ಚು ಬೇರೆ. 1886ರ ಮೇ 31 ಮತ್ತು ಜೂನ್ 1ರಂದು, ಎರಡೇ ದಿನಗಳಲ್ಲಿ, ದಕ್ಷಿಣದ 11,000ಕ್ಕೂ ಹೆಚ್ಚು ಮೈಲಿ ಹಳಿಯನ್ನು ಬದಲಿಸಲಾಯಿತು. ಪೂರ್ವತಯಾರಿ ವಾರಗಟ್ಟಲೆ ನಡೆದಿತ್ತು. ಹಳಿ ಎಲ್ಲಿಗೆ ಸರಿಯಬೇಕೋ ಅಲ್ಲಿ ಮೊದಲೇ ಮೊಳೆ ಹೊಡೆದು, ಹಳೆಯ ಮೊಳೆಗಳಲ್ಲಿ ಎಷ್ಟನ್ನು ತೆಗೆದರೂ ರೈಲು ಓಡಲು ತೊಂದರೆಯಿಲ್ಲವೋ ಅಷ್ಟನ್ನು ಕಿತ್ತಿಟ್ಟಿದ್ದರು. ಆ ದಿನ ಉಳಿದ ಮೊಳೆ ಕಿತ್ತು, ಒಂದು ಬದಿಯ ಹಳಿಯನ್ನು ಮೂರು ಇಂಚು ಒಳಕ್ಕೆ ತಳ್ಳಿ, ಹೊಸ ಮೊಳೆ ಬಡಿದರು. ಎಂಜಿನ್ನು, ಬೋಗಿಗಳ ಚಕ್ರಗಳನ್ನೂ ಅಷ್ಟೇ ಒಳಕ್ಕೆ ಸರಿಸಬೇಕಿತ್ತು.

ಗಡಿಯಾರದ ಕಥೆಯೂ ಇದೇ. ಊರೂರಿಗೆ ತನ್ನದೇ ಮಧ್ಯಾಹ್ನ ಇದ್ದ ದೇಶದಲ್ಲಿ ರೈಲು ಕಂಪನಿಗಳು ಹತ್ತಾರು ಬೇರೆ ಬೇರೆ ಸಮಯ ಇಟ್ಟುಕೊಂಡಿದ್ದವು. 1883ರ ನವೆಂಬರ್ 18ರಂದು ಕಂಪನಿಗಳೇ ಒಪ್ಪಂದ ಮಾಡಿಕೊಂಡು ದೇಶವನ್ನು ಸಮಯ ವಲಯಗಳಾಗಿ ಹಂಚಿದವು. ಸರ್ಕಾರದ ಕಾನೂನು ಬಂದದ್ದು 1918ರಲ್ಲಿ.

ಇದರ ಪರಿಣಾಮ ವ್ಯವಹಾರದ ಸ್ವರೂಪದಲ್ಲೇ ಕಾಣಿಸಿತು. ಒಂದು ಊರಿಗೆ ಮಾರುವ ಕಮ್ಮಾರನಿಗೆ ದೊಡ್ಡ ಯಂತ್ರ ಬೇಡ. ಒಂಬತ್ತು ಕೋಟಿ ಜನರಿಗೆ ಮಾರುವವನಿಗೆ ಬೇಕು. ಆದರೆ ದೊಡ್ಡ ಯಂತ್ರಕ್ಕೆ ಹಾಕಿದ ಬಂಡವಾಳದ ಬಡ್ಡಿ, ಯಂತ್ರ ನಿಂತರೂ ನಿಲ್ಲುವುದಿಲ್ಲ. ಆದ್ದರಿಂದ ಹಗಲು ರಾತ್ರಿ ಓಡಿಸಬೇಕು, ಬೆಲೆ ಇಳಿಸಿಯಾದರೂ ಸರಕು ಮಾರಬೇಕು. ಅದಕ್ಕೆ ಖರೀದಿ, ಲೆಕ್ಕ, ಸಾಗಣೆ, ಮಾರಾಟ ಎಂದು ವಿಭಾಗಗಳು, ವಿಭಾಗಕ್ಕೊಬ್ಬ ಸಂಬಳದ ಮ್ಯಾನೇಜರು ಬೇಕು. ಈ ಪದ್ಧತಿ ಮೊದಲು ಬೆಳೆದದ್ದೂ ರೈಲಿನಲ್ಲೇ: ಈರಿ ರೈಲು ಕಂಪನಿಯ ಡೇನಿಯಲ್ ಮೆಕಾಲಮ್ 1855ರಷ್ಟು ಹಿಂದೆಯೇ ಯಾರು ಯಾರಿಗೆ ವರದಿ ಕೊಡಬೇಕೆಂಬ ನಕ್ಷೆ ಬರೆಸಿದ್ದರು. ಮಾಲೀಕನೇ ಮೇಸ್ತ್ರಿಯೂ ಆಗಿದ್ದ ಕಾಲ ಮುಗಿಯುತ್ತ ಬಂತು.

ಉಕ್ಕಿನ ಹಳಿ, ತವರದ ತಗಡು: ಸುಂಕದ ಪರವಾದ ಸಾಕ್ಷ್ಯ

ಸುಂಕ ಏನೂ ಮಾಡಲಿಲ್ಲ ಎಂದರೆ ಅದೂ ಸುಳ್ಳು. ಸುಂಕವಾದಿಗಳ ವಾದಕ್ಕೆ ಅತ್ಯಂತ ಗಟ್ಟಿ ಉದಾಹರಣೆ ಉಕ್ಕಿನ ಹಳಿ.

ಬೆಸೆಮರ್ ವಿಧಾನದಲ್ಲಿ ಕರಗಿದ ಬೀಡು ಕಬ್ಬಿಣವನ್ನು ದೊಡ್ಡ ಪಾತ್ರೆಗೆ ಸುರಿದು ತಳದಿಂದ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕ ಕಬ್ಬಿಣದಲ್ಲಿರುವ ಇಂಗಾಲ, ಸಿಲಿಕಾನ್‌ಗಳನ್ನು ಸುಡುತ್ತದೆ. ಆ ಶಾಖದಿಂದಲೇ ಲೋಹ ಕರಗಿದಂತೆ ಉಳಿಯುವುದರಿಂದ ಬೇರೆ ಇಂಧನ ಬೇಡ. ಬಾಯಿಯಿಂದ ಏಳುವ ಜ್ವಾಲೆಯ ಬಣ್ಣ ನೋಡಿ ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸುತ್ತಿದ್ದರು. ಹದಿನೈದಿಪ್ಪತ್ತು ನಿಮಿಷದಲ್ಲಿ ಹಲವು ಟನ್ ಉಕ್ಕು ಸಿದ್ಧ. ತೊಡಕು ರಂಜಕದ್ದು. ಈ ಪಾತ್ರೆಯಲ್ಲಿ ರಂಜಕ ಸುಟ್ಟು ಹೋಗುವುದಿಲ್ಲ. ಉಕ್ಕಿನಲ್ಲಿ ಅದು ಉಳಿದರೆ ಚಳಿಯಲ್ಲಿ ಹಳಿ ಬಿರುಕು ಬಿಡುತ್ತದೆ. ಹಾಗಾಗಿ ರಂಜಕ ಕಡಿಮೆಯಿರುವ ಅದಿರೇ ಬೇಕು. ಅಂಥ ಅದಿರು ಸುಪೀರಿಯರ್ ಸರೋವರದ ಸುತ್ತ ಹೇರಳವಾಗಿತ್ತು. ಪೆನ್ಸಿಲ್ವೇನಿಯಾದ ಕನೆಲ್ಸ್‌ವಿಲ್‌ನಲ್ಲಿ ಒಳ್ಳೆಯ ಕೋಕ್ (ಕಲ್ಲಿದ್ದಲಿನಿಂದ ತಯಾರಿಸುವ ಕುಲುಮೆಯ ಇಂಧನ) ಸಿಗುತ್ತಿತ್ತು. ನಡುವೆ ಅಗ್ಗದ ಸರೋವರ ಸಾಗಣೆ ಇತ್ತು. ಆಂಡ್ರ್ಯೂ ಕಾರ್ನೆಗಿ 1875ರಲ್ಲಿ ಬ್ರಾಡಕ್‌ನಲ್ಲಿ ಎಡ್ಗರ್ ಥಾಮ್ಸನ್ ಕಾರ್ಖಾನೆ ತೆರೆದದ್ದು ಈ ಲೆಕ್ಕಾಚಾರದ ಮೇಲೆ.

1870ರ ಕಾಯ್ದೆ ಆಮದು ಉಕ್ಕಿನ ಹಳಿಗೆ ಟನ್ನಿಗೆ 28 ಡಾಲರ್ ಸುಂಕ ಹಾಕಿತು. 1873ರ ಸುಮಾರಿಗೆ ಹಳಿಯ ಬೆಲೆ ಟನ್ನಿಗೆ 120 ಡಾಲರ್ ಆಸುಪಾಸಿನಲ್ಲಿದ್ದಾಗ ಅದು ಅಷ್ಟು ಭಾರವಲ್ಲ. ಆದರೆ ಬೆಲೆ ಕುಸಿಯುತ್ತ ಹೋದಂತೆ, ಡಾಲರ್‌ನಲ್ಲಿ ನಿಗದಿಯಾದ ಆ ಸುಂಕದ ಪ್ರಮಾಣ ತಾನಾಗಿ ಏರುತ್ತ ಹೋಯಿತು. 1898ರ ಹೊತ್ತಿಗೆ ದೇಶೀ ಹಳಿಯ ಬೆಲೆ 18 ಡಾಲರ್‌ಗೂ ಕೆಳಗಿಳಿದಿತ್ತು, ಅಂದರೆ ಹಳೆಯ ಸುಂಕಕ್ಕಿಂತ ಕಡಿಮೆ. ಎಳೆಯ ಉದ್ಯಮಕ್ಕೆ ಕೆಲಕಾಲ ಆಸರೆ ಕೊಟ್ಟರೆ ಅದು ಬೆಳೆದು ಬೆಲೆ ಇಳಿಸುತ್ತದೆ ಎಂಬುದು ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯ ಕಾಲದಿಂದ ಬಂದ ವಾದ. ಹಳಿಯ ವಿಷಯದಲ್ಲಿ ಅದಕ್ಕೆ ಬಲವಿದೆ.

ತವರ ಲೇಪಿಸಿದ ತಗಡು ಎರಡನೇ ಉದಾಹರಣೆ. ಆಹಾರದ ಡಬ್ಬಿ, ಸೀಮೆಎಣ್ಣೆ ಡಬ್ಬಿಗಳಿಗೆ ಬೇಕಾದ ಈ ತಗಡು ಬಹುತೇಕ ವೇಲ್ಸ್‌ನಿಂದ ಬರುತ್ತಿತ್ತು. 1890ರ ಮೆಕಿನ್ಲಿ ಕಾಯ್ದೆ ಅದರ ಸುಂಕವನ್ನು ಪೌಂಡಿಗೆ ಒಂದು ಸೆಂಟ್‌ನಿಂದ 2.2 ಸೆಂಟ್‌ಗೆ ಏರಿಸಿತು. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ತಗಡಿನ ಗಿರಣಿಗಳು ಎದ್ದವು. ಕೆಲಸ ಕಳೆದುಕೊಂಡ ವೇಲ್ಸ್‌ನ ಕುಶಲಕರ್ಮಿಗಳಲ್ಲಿ ಅನೇಕರು ಹಡಗು ಹತ್ತಿ ಅಲ್ಲಿಗೇ ಬಂದರು. ಅಮೆರಿಕದ ವ್ಯಾಪಾರ ನೀತಿಯ ಇತಿಹಾಸವನ್ನು ಆಳವಾಗಿ ಅಧ್ಯಯನ ಮಾಡಿರುವ ಅರ್ಥಶಾಸ್ತ್ರಜ್ಞ ಡಗ್ಲಸ್ ಇರ್ವಿನ್ ಇದರ ಲೆಕ್ಕ ಹಾಕಿದ್ದಾರೆ. ಸುಂಕ ಇಲ್ಲದಿದ್ದರೂ ಈ ಉದ್ಯಮ ಸುಮಾರು ಹತ್ತು ವರ್ಷ ತಡವಾಗಿ ಹುಟ್ಟುತ್ತಿತ್ತು, ಆ ಹತ್ತು ವರ್ಷಗಳ ಲಾಭಕ್ಕಿಂತ ಬಳಕೆದಾರರು ತೆತ್ತ ಹೆಚ್ಚುವರಿ ಬೆಲೆಯೇ ದೊಡ್ಡದು ಎಂಬುದು ಅವರ ತೀರ್ಮಾನ.

ಮತದಾರರು ಆಗಲೇ ಇದನ್ನು ಅನುಭವಿಸಿದ್ದರು. ಪಾತ್ರೆ, ಬಟ್ಟೆಗಳ ಬೆಲೆಯೇರಿಕೆಯ ಸಿಟ್ಟಿನಲ್ಲಿ 1890ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ ಹೀನಾಯವಾಗಿ ಸೋತರು. ಮೆಕಿನ್ಲಿ ಅವರೂ ಸ್ಥಾನ ಕಳೆದುಕೊಂಡರು. ಮುಂದೆ ಅಧ್ಯಕ್ಷರಾದ ಮೇಲೆ, 1901ರ ಸೆಪ್ಟೆಂಬರ್ 5ರಂದು ಬಫಲೋದಲ್ಲಿ ಮಾಡಿದ ತಮ್ಮ ಕೊನೆಯ ಭಾಷಣದಲ್ಲಿ, ಬಾಗಿಲು ಮುಚ್ಚಿಕೊಂಡಿರುವ ಕಾಲ ಮುಗಿಯಿತು, ಇನ್ನು ಪರಸ್ಪರ ರಿಯಾಯಿತಿಯ ಒಪ್ಪಂದಗಳು ಬೇಕು ಎಂಬ ಅರ್ಥದಲ್ಲಿ ಮಾತನಾಡಿದರು. ಮರುದಿನ ಅವರಿಗೆ ಗುಂಡೇಟು ಬಿತ್ತು. ಶಿಖರಕ್ಕೆ ಹೆಸರಿಡುವವರು ನೆನಪಿಡಬೇಕಾದ ಭಾಷಣ ಅದು.

ಮನುಷ್ಯರಿಗೆ ಬಾಗಿಲು ತೆರೆದಿತ್ತು

ಇರ್ವಿನ್ ಅವರ ಇನ್ನೊಂದು ವಾದ ಹೆಚ್ಚು ಮುಖ್ಯ. ಆ ಕಾಲದ ಬೆಳವಣಿಗೆಯ ಬಹುಪಾಲು ಬಂದದ್ದು ದುಡಿಯುವ ಕೈಗಳು ಹೆಚ್ಚಿದ್ದರಿಂದ, ಬಂಡವಾಳ ಕೂಡಿದ್ದರಿಂದ. ದಕ್ಷತೆ ವೇಗವಾಗಿ ಹೆಚ್ಚಿದ ಕ್ಷೇತ್ರಗಳಲ್ಲೂ ವಿದ್ಯುತ್ ಪೂರೈಕೆ, ವ್ಯಾಪಾರ, ಸೇವೆಗಳಂಥವು ಮುಂದಿದ್ದವು. ಅವು ಆಮದಿನ ಜೊತೆ ಸ್ಪರ್ಧೆಯೇ ಇಲ್ಲದ, ಆದ್ದರಿಂದ ಸುಂಕದ ರಕ್ಷಣೆಗೆ ಸಂಬಂಧವೇ ಇಲ್ಲದ ಕ್ಷೇತ್ರಗಳು.

ಸರಕಿಗೆ ಗೋಡೆ ಕಟ್ಟಿದ ದೇಶ ಮನುಷ್ಯರನ್ನು ಬರಮಾಡಿಕೊಂಡಿತು. 1880ರಿಂದ 1920ರ ನಡುವೆ ಎರಡು ಕೋಟಿಗೂ ಹೆಚ್ಚು ವಲಸಿಗರು ಬಂದರು. 1907ರ ಒಂದೇ ವರ್ಷದಲ್ಲಿ ಬಂದವರು 12 ಲಕ್ಷ 85 ಸಾವಿರ. ಇಟಲಿ, ಪೋಲೆಂಡ್, ಸ್ಲೊವಾಕಿಯಾ, ಹಂಗರಿಗಳ ರೈತಾಪಿ ಯುವಕರು ಪಿಟ್ಸ್‌ಬರ್ಗಿನ ಕುಲುಮೆಗಳ ಮುಂದೆ ನಿಂತರು. ಈ ಸ್ವಾಗತ ಎಲ್ಲರಿಗೂ ಇರಲಿಲ್ಲ. ಪಶ್ಚಿಮದಲ್ಲಿ ರೈಲು ಮಾರ್ಗ ಹಾಕಿದ ಚೀನೀ ಕಾರ್ಮಿಕರ ಪ್ರವೇಶವನ್ನು 1882ರ ಕಾಯ್ದೆ ನಿಷೇಧಿಸಿತು, 1917ರ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು.

ಒಂದೇ ವರ್ಷ, ಎರಡು ಕಾಯ್ದೆ

ಸುಂಕದ ಪ್ರಶ್ನೆಯನ್ನು ಕಾರ್ಖಾನೆ ಎದ್ದಿತೇ ಇಲ್ಲವೇ ಎಂಬಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಎದ್ದ ಕಾರ್ಖಾನೆಯ ಲಾಭ ಯಾರಿಗೆ ಹೋಯಿತು ಎಂದೂ ಕೇಳಬೇಕು.

1890ರಲ್ಲಿ ಅದೇ ಸಂಸತ್ತು ಎರಡು ಕಾಯ್ದೆ ಮಾಡಿತು. ಜುಲೈನಲ್ಲಿ ಏಕಸ್ವಾಮ್ಯ ತಡೆಯುವ ಶೆರ್ಮನ್ ಕಾಯ್ದೆ, ಅಕ್ಟೋಬರ್‌ನಲ್ಲಿ ಮೆಕಿನ್ಲಿ ಸುಂಕ ಕಾಯ್ದೆ. ಒಂದು ದೊಡ್ಡ ಕಂಪನಿಗಳ ಕೂಟವನ್ನು ಒಡೆಯುವುದಕ್ಕೆ, ಇನ್ನೊಂದು ಹೊರಗಿನ ಸ್ಪರ್ಧೆಯನ್ನು ತಡೆಯುವುದಕ್ಕೆ. ಹೊರಗಿನ ಸರಕು ಬರದಿದ್ದಾಗ ಒಳಗಿನ ಹತ್ತಿಪ್ಪತ್ತು ಉತ್ಪಾದಕರು ಕೂಡಿಕೊಂಡು ಬೆಲೆ ನಿಗದಿ ಮಾಡುವುದು ಸುಲಭ. ಸಕ್ಕರೆ ಟ್ರಸ್ಟಿನ, ಅಂದರೆ ಒಂದೇ ಹಿಡಿತಕ್ಕೆ ಬಂದ ಸಕ್ಕರೆ ಕಂಪನಿಗಳ ಕೂಟದ, ಮುಖ್ಯಸ್ಥ ಹೆನ್ರಿ ಹ್ಯಾವ್‌ಮಯರ್ ಇದನ್ನು 1899ರಲ್ಲಿ ಸರ್ಕಾರದ ಕೈಗಾರಿಕಾ ಆಯೋಗದ ಮುಂದೆ ಬಾಯಿಬಿಟ್ಟು ಹೇಳಿದರು: ಎಲ್ಲ ಟ್ರಸ್ಟ್‌ಗಳ ತಾಯಿ ಸುಂಕದ ಕಾಯ್ದೆಯೇ.

ಸುಂಕವೊಂದೇ ಟ್ರಸ್ಟ್‌ಗಳನ್ನು ಹೆತ್ತಿತು ಎಂದೂ ಅಲ್ಲ. ಜಾನ್ ರಾಕ್‌ಫೆಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ 1870ರಲ್ಲಿ ಸ್ಥಾಪನೆಯಾಗಿ, ಹತ್ತೇ ವರ್ಷದಲ್ಲಿ ದೇಶದ ತೈಲ ಶುದ್ಧೀಕರಣದ ಸುಮಾರು ಶೇ 90ನ್ನು ಹಿಡಿದದ್ದು ರೈಲು ಕಂಪನಿಗಳಿಂದ ಗುಟ್ಟಾಗಿ ಪಡೆದ ಸಾಗಣೆ ರಿಯಾಯಿತಿಗಳ ಬಲದಿಂದ. ಪ್ರತಿಸ್ಪರ್ಧಿಯ ಪೀಪಾಯಿಗೆ ಹೆಚ್ಚು ಬಾಡಿಗೆ, ತನ್ನದಕ್ಕೆ ಕಡಿಮೆ. ಹೀಗಾದಾಗ ಸಣ್ಣವನು ಒಂದೋ ಮಾರಿಕೊಳ್ಳಬೇಕು, ಇಲ್ಲವೇ ಮುಚ್ಚಬೇಕು. 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು 34 ತುಂಡು ಮಾಡಿತು. ಆದರೆ ಅದಕ್ಕೂ ಮೊದಲಿನ ಎರಡು ದಶಕ ಶೆರ್ಮನ್ ಕಾಯ್ದೆ ವಿಚಿತ್ರವಾಗಿ ಬಳಕೆಯಾಯಿತು. 1895ರ ತೀರ್ಪಿನಲ್ಲಿ ನ್ಯಾಯಾಲಯ, ಕಾಯ್ದೆ ಇರುವುದು ಅಂತರರಾಜ್ಯ ವ್ಯಾಪಾರಕ್ಕೆ, ತಯಾರಿಕೆ ಅಂಥ ವ್ಯಾಪಾರವಲ್ಲ ಎಂದು ಸಕ್ಕರೆ ಟ್ರಸ್ಟನ್ನು ಬಿಟ್ಟುಬಿಟ್ಟಿತು. 1908ರಲ್ಲಿ ಅದೇ ಕಾಯ್ದೆಯಡಿ, ಬಹಿಷ್ಕಾರಕ್ಕೆ ಕರೆಕೊಟ್ಟ ಟೋಪಿ ತಯಾರಕ ಕಾರ್ಮಿಕರ ಸಂಘವನ್ನು ತಪ್ಪಿತಸ್ಥರನ್ನಾಗಿಸಿತು.

1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಕಾರ್ನೆಗಿಯವರ ಉಕ್ಕಿನ ಉದ್ಯಮವನ್ನು 48 ಕೋಟಿ ಡಾಲರ್‌ಗೆ ಕೊಂಡು, ಇನ್ನಷ್ಟು ಕಂಪನಿಗಳನ್ನು ಸೇರಿಸಿ ಯು.ಎಸ್. ಸ್ಟೀಲ್ ಕಟ್ಟಿದರು. 140 ಕೋಟಿ ಡಾಲರ್ ಬಂಡವಾಳದ ಆ ಕಂಪನಿ, ಶತಕೋಟಿ ಡಾಲರ್ ಗಡಿ ದಾಟಿದ ಮೊದಲನೆಯದು. ಅಂದಿನ ಶೆರ್ಮನ್ ಕಾಯ್ದೆ ಇಂದಿಗೂ ಸುದ್ದಿಯಲ್ಲಿದೆ: 2024ರ ಆಗಸ್ಟ್‌ನಲ್ಲಿ ಗೂಗಲ್ ಇಂಟರ್‌ನೆಟ್ ಹುಡುಕಾಟದಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟದ್ದು ಅದರ ಎರಡನೇ ಸೆಕ್ಷನ್ ಅಡಿಯಲ್ಲಿ.

ಪಾಳಿ, ಬೆಲ್ಟು, ನಿಮಿಷದ ಲೆಕ್ಕ

ಕಾರ್ಮಿಕನ ಪಾಲಿಗೆ ಈ ಸಿರಿವಂತ ಕಾಲ ಹೇಗಿತ್ತು? ಉಕ್ಕಿನ ಕಾರ್ಖಾನೆಗಳಲ್ಲಿ 12 ಗಂಟೆಯ ಪಾಳಿ. ಕುಲುಮೆ ಆರಿಸುವಂತಿಲ್ಲ, ಹಾಗಾಗಿ ವಾರದ ರಜೆಯೂ ಹಲವರಿಗೆ ಇಲ್ಲ. ಎರಡು ವಾರಕ್ಕೊಮ್ಮೆ ಹಗಲು ಪಾಳಿಯವರು ರಾತ್ರಿಗೆ ಬದಲಾಗುವಾಗ ಒಂದು ತಂಡ ಸತತ 24 ಗಂಟೆ ದುಡಿಯಬೇಕಿತ್ತು. ಯು.ಎಸ್. ಸ್ಟೀಲ್ 12 ಗಂಟೆಯ ಪಾಳಿ ಕೈಬಿಟ್ಟದ್ದು 1923ರಲ್ಲಿ.

ಸುಂಕದ ರಕ್ಷಣೆ ಕೂಲಿ ಹೆಚ್ಚಿಸುತ್ತದೆ ಎಂದು ಮೆಕಿನ್ಲಿ ಪ್ರಚಾರ ಮಾಡಿದ್ದರು. ಕಾಯ್ದೆ ಬಂದು ಎರಡು ವರ್ಷಕ್ಕೆ, 1892ರಲ್ಲಿ, ಸುಂಕದ ರಕ್ಷಣೆಯಲ್ಲಿದ್ದ ಉಕ್ಕಿನ ಉದ್ಯಮದಲ್ಲೇ, ಕಾರ್ನೆಗಿಯವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಆಡಳಿತ ಕೂಲಿ ಕಡಿತಕ್ಕೆ ಹೊರಟು ಸಂಘವನ್ನು ಹೊರಗೆ ಹಾಕಿತು. ಜುಲೈ 6ರಂದು ದೋಣಿಗಳಲ್ಲಿ ಬಂದ ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ 300 ಕಾವಲುಗಾರರಿಗೂ ಮುಷ್ಕರ ನಿರತರಿಗೂ ನಡೆದ ಗುಂಡಿನ ಕಾಳಗದಲ್ಲಿ ಸುಮಾರು ಹತ್ತು ಜನ ಸತ್ತರು. ಮುಷ್ಕರ ಸೋತಿತು. ಅಲ್ಲಿಂದ ನಾಲ್ಕು ದಶಕ ಉಕ್ಕಿನಲ್ಲಿ ಸಂಘ ತಲೆಯೆತ್ತಲಿಲ್ಲ.

ಯಂತ್ರದ ಸ್ವರೂಪವೂ ಕೆಲಸವನ್ನು ಬದಲಿಸಿತು. ಉಗಿಯ ಕಾಲದ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಎಂಜಿನ್ನು, ಅದರಿಂದ ಚಾವಣಿಯುದ್ದಕ್ಕೂ ಹಾಯುವ ಒಂದು ಶಾಫ್ಟು, ಶಾಫ್ಟಿನಿಂದ ಪ್ರತಿ ಯಂತ್ರಕ್ಕೂ ಇಳಿಯುವ ಚರ್ಮದ ಬೆಲ್ಟು. ಶಾಫ್ಟು ಉದ್ದವಾದಷ್ಟೂ ಉಜ್ಜಾಟದಲ್ಲಿ ಶಕ್ತಿ ಪೋಲು. ಅದಕ್ಕೇ ಕಾರ್ಖಾನೆಯನ್ನು ಅಗಲವಾಗಿ ಕಟ್ಟದೆ ಮಹಡಿ ಮೇಲೆ ಮಹಡಿ ಕಟ್ಟುತ್ತಿದ್ದರು. ಕೆಲಸದ ಕ್ರಮ ಯಾವುದೇ ಇರಲಿ, ಯಂತ್ರಗಳನ್ನು ಶಾಫ್ಟಿನ ಕೆಳಗೇ ಸಾಲಾಗಿ ಇಡಬೇಕು. ಒಂದು ಕಡೆ ಕೆಟ್ಟರೆ ಎಲ್ಲವೂ ನಿಲ್ಲಬೇಕು. ವಿದ್ಯುತ್ ಮೋಟಾರು ಬಂದ ಮೇಲೂ ಮಾಲೀಕರು ಮೊದಮೊದಲು ಉಗಿ ಎಂಜಿನ್ನಿನ ಜಾಗದಲ್ಲಿ ಒಂದು ದೊಡ್ಡ ಮೋಟಾರು ಕೂರಿಸಿ ಹಳೆಯ ಶಾಫ್ಟನ್ನೇ ತಿರುಗಿಸಿದರು, ಲಾಭ ಅಷ್ಟಕ್ಕಷ್ಟೇ ಆಯಿತು. ಯಂತ್ರಕ್ಕೊಂದು ಸಣ್ಣ ಮೋಟಾರು ಇಟ್ಟು, ಒಂದೇ ಅಂತಸ್ತಿನ ಕಟ್ಟಡದಲ್ಲಿ ಕೆಲಸದ ಕ್ರಮಕ್ಕೆ ತಕ್ಕಂತೆ ಯಂತ್ರ ಜೋಡಿಸಿದ ಮೇಲೆಯೇ ಉತ್ಪಾದನೆ ಜಿಗಿದದ್ದು. 1900ರಲ್ಲಿ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಶೇ 5 ಕೂಡ ಇರಲಿಲ್ಲ, 1929ಕ್ಕೆ ಮುಕ್ಕಾಲು ಪಾಲು ದಾಟಿತ್ತು. ಈ ಅಲೆ ಕರ್ನಾಟಕಕ್ಕೂ ಬೇಗ ಮುಟ್ಟಿತು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳಿಂದ.

ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ ಕಂಪನಿ 1913ರಲ್ಲಿ ಮಾಡಿದ್ದನ್ನು ಹತ್ತಿರದಿಂದ ನೋಡಿದರೆ ಕೆಲಸ ಹೇಗೆ ಬದಲಾಯಿತೆಂದು ಚೆನ್ನಾಗಿ ತಿಳಿಯುತ್ತದೆ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಒಬ್ಬನೇ ಕೂತು ಜೋಡಿಸಿದರೆ ಸುಮಾರು 20 ನಿಮಿಷ ಹಿಡಿಯುತ್ತಿತ್ತು. ಅದನ್ನು 29 ಸಣ್ಣ ಕೆಲಸಗಳಾಗಿ ಹಂಚಿ, ಸಾಲಾಗಿ ನಿಂತವರು ಒಬ್ಬರಿಂದ ಒಬ್ಬರಿಗೆ ತಳ್ಳುವಂತೆ ಮಾಡಿದಾಗ 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಕೆಲಸಗಾರರು ಬಗ್ಗಬೇಕಾಗುತ್ತದೆಂದು ಸಾಲಿನ ಎತ್ತರ ಏರಿಸಿದಾಗ 7 ನಿಮಿಷ. ವೇಗ ಹೊಂದಿಸಿದ ಮೇಲೆ 5 ನಿಮಿಷ. ಇದೇ ಉಪಾಯದಿಂದ ಇಡೀ ಕಾರಿನ ಚಾಸಿ ಜೋಡಿಸಲು ಬೇಕಾದ ಹನ್ನೆರಡೂವರೆ ಗಂಟೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು.

ಇಷ್ಟಾದರೂ ಜನ ನಿಲ್ಲಲಿಲ್ಲ. ದಿನವಿಡೀ ಒಂದೇ ಬೋಲ್ಟು ತಿರುಗಿಸುವ ಕೆಲಸ ಬೇಡವೆಂದು ಬಿಟ್ಟು ಹೋಗುವವರ ಸಂಖ್ಯೆ ಎಷ್ಟಿತ್ತೆಂದರೆ, 1913ರಲ್ಲಿ ಸುಮಾರು 14,000 ಜನರ ಕಾರ್ಖಾನೆ ನಡೆಸಲು 52,000 ಜನರನ್ನು ನೇಮಿಸಬೇಕಾಯಿತು. 1914ರ ಜನವರಿಯಲ್ಲಿ ಘೋಷಿಸಿದ ದಿನಕ್ಕೆ ಐದು ಡಾಲರ್, ಎಂಟು ಗಂಟೆಯ ಪಾಳಿ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ. ಅದಕ್ಕೂ ಷರತ್ತಿತ್ತು. ಕಂಪನಿಯ ತನಿಖೆದಾರರು ಮನೆಗೆ ಬಂದು ಕುಡಿತ, ಉಳಿತಾಯ, ಸ್ವಚ್ಛತೆ ನೋಡಿ ಒಪ್ಪಿದ ಮೇಲೆಯೇ ಪೂರ್ತಿ ಹಣ.

ಕಾರ್ಖಾನೆ ಕೆಲಸಕ್ಕೆ ಮಾನ ಬಂದದ್ದು ಯಾವಾಗ?

ಕಾರ್ಖಾನೆಗಳನ್ನು ಮರಳಿ ತರುತ್ತೇವೆ ಎಂದಾಗ ಅಮೆರಿಕನ್ನರ ಕಣ್ಣಮುಂದೆ ಬರುವುದು ಸ್ವಂತ ಮನೆ, ಕಾರು, ಪಿಂಚಣಿ ಇರುವ ಕಾರ್ಮಿಕ. ಆ ಕಾರ್ಮಿಕ 1890ರಲ್ಲಿ ಇರಲಿಲ್ಲ. 1900ರ ಜನಗಣತಿಯಲ್ಲಿ 10ರಿಂದ 15 ವರ್ಷದೊಳಗಿನ ಸುಮಾರು 17.5 ಲಕ್ಷ ಮಕ್ಕಳು ದುಡಿಯುತ್ತಿದ್ದರು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಹೊರಹೋಗುವ ಬಾಗಿಲಿಗೆ ಬೀಗವಿತ್ತು, ಬೆಂಕಿ ಬಿದ್ದಾಗ ಇಳಿಯಲೆಂದು ಇದ್ದ ಹೊರಮೆಟ್ಟಿಲು ಕುಸಿಯಿತು, ಅಗ್ನಿಶಾಮಕ ದಳದ ಏಣಿ ಅವರಿದ್ದ ಮಹಡಿ ಮುಟ್ಟಲಿಲ್ಲ. ಬೀದಿಯಲ್ಲಿ ನಿಂತು ಅದನ್ನು ಕಂಡ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು.

ಎಂಟು ಗಂಟೆಯ ದಿನಕ್ಕಾಗಿ 1886ರ ಮೇ 1ರಂದು ಆರಂಭವಾದ ಮುಷ್ಕರ, ಅದರ ಬೆನ್ನಿಗೇ ಮೇ 4ರಂದು ಷಿಕಾಗೋದ ಹೇಮಾರ್ಕೆಟ್‌ನಲ್ಲಿ ನಡೆದ ಬಾಂಬ್ ಸ್ಫೋಟ, ಗೋಲಿಬಾರ್, ಮತ್ತು ಮುಖಂಡರನ್ನು ಗಲ್ಲಿಗೇರಿಸಿದ ಪ್ರಕರಣದ ನೆನಪಿಗೇ ನಮ್ಮಲ್ಲೂ ಮೇ ದಿನ ಆಚರಿಸುವುದು. ಆ ಬೇಡಿಕೆ ರಾಷ್ಟ್ರೀಯ ಕಾನೂನಾಗಲು ಅರ್ಧ ಶತಮಾನ ಬೇಕಾಯಿತು. 1935ರ ವ್ಯಾಗ್ನರ್ ಕಾಯ್ದೆ ಸಂಘ ಕಟ್ಟುವ, ಸಂಘದ ಮೂಲಕ ಚೌಕಾಸಿ ಮಾಡುವ ಹಕ್ಕಿಗೆ ರಕ್ಷಣೆ ಕೊಟ್ಟಿತು. 1937ರಲ್ಲಿ ಫ್ಲಿಂಟ್‌ನ ಜನರಲ್ ಮೋಟರ್ಸ್ ಕಾರ್ಖಾನೆಯೊಳಗೇ ಕೂತು ಮುಷ್ಕರ ನಡೆಸಿದವರು ಗೆದ್ದರು, ಅದೇ ವರ್ಷ ಯು.ಎಸ್. ಸ್ಟೀಲ್ ಸಂಘವನ್ನು ಒಪ್ಪಿಕೊಂಡಿತು. 1938ರ ಕಾಯ್ದೆ ಕನಿಷ್ಠ ಕೂಲಿ, ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ, ಬಾಲ ಕಾರ್ಮಿಕತೆಗೆ ತಡೆ ತಂದಿತು.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1934ರಲ್ಲೇ ಅಮೆರಿಕ ಪರಸ್ಪರ ವ್ಯಾಪಾರ ಒಪ್ಪಂದಗಳ ಕಾಯ್ದೆಯ ಮೂಲಕ ಸುಂಕ ಇಳಿಸಲು ಶುರುಮಾಡಿತ್ತು. ಕಾರ್ಖಾನೆ ಕೆಲಸ ಮರ್ಯಾದೆಯ ಬದುಕು ಕೊಟ್ಟ ಎರಡು ಮೂರು ದಶಕಗಳು ಸುಂಕ ಇಳಿಯುತ್ತಿದ್ದ, ಸಂಘಗಳು ಬಲವಾಗಿದ್ದ ದಶಕಗಳು. ಸುಂಕ ಎತ್ತರದಲ್ಲಿದ್ದ ಕಾಲ ಕಾರ್ನೆಗಿಯವರದು. ಈ ಒಂದು ಅಂಶ ಇಂದಿನ ಚರ್ಚೆಯಲ್ಲಿ ಕಾಣೆಯಾಗಿರುವುದೇ ನನ್ನ ಮುಖ್ಯ ತಕರಾರು.

ಈಗ ಅದೇ ಮದ್ದು ಹಾಕಿದರೆ

ಮೊದಲನೆಯದು ಖಜಾನೆಯ ಲೆಕ್ಕ. ಮೆಕಿನ್ಲಿ ಕಾಲದಲ್ಲಿ ಒಕ್ಕೂಟ ಸರ್ಕಾರದ ವರಮಾನದ ಸುಮಾರು ಅರ್ಧ ಸುಂಕದಿಂದ ಬರುತ್ತಿತ್ತು, ಏಕೆಂದರೆ ಸರ್ಕಾರವೇ ಚಿಕ್ಕದಿತ್ತು. ಶಾಶ್ವತವಾದ ಆದಾಯ ತೆರಿಗೆ ಬಂದದ್ದು 1913ರಲ್ಲಿ. 2024ರಲ್ಲಿ ವೈಯಕ್ತಿಕ ಆದಾಯ ತೆರಿಗೆಯೊಂದೇ ಸುಮಾರು 2.4 ಲಕ್ಷ ಕೋಟಿ ಡಾಲರ್ ತಂದಿತು. ಅದೇ ವರ್ಷ ಅಮೆರಿಕ ಆಮದು ಮಾಡಿಕೊಂಡ ಒಟ್ಟು ಸರಕಿನ ಮೌಲ್ಯ ಸುಮಾರು 3.3 ಲಕ್ಷ ಕೋಟಿ ಡಾಲರ್. ಆ ತೆರಿಗೆಯ ಜಾಗವನ್ನು ಸುಂಕ ತುಂಬಬೇಕಾದರೆ ದರ ಶೇ 70 ದಾಟಬೇಕು. ಅಷ್ಟು ಸುಂಕ ಹಾಕಿದರೆ ಆಮದೇ ಕುಸಿಯುತ್ತದೆ. ವರಮಾನ ಬೇಕಾದರೆ ಸರಕು ಬರುತ್ತಲೇ ಇರಬೇಕು, ರಕ್ಷಣೆ ಬೇಕಾದರೆ ಬರಬಾರದು. ಎರಡೂ ಗುರಿ ಒಟ್ಟಿಗೆ ಈಡೇರುವುದಿಲ್ಲ.

ಎರಡನೆಯದು ಉದ್ಯೋಗ. ತಯಾರಿಕಾ ವಲಯದ ಉದ್ಯೋಗ 1979ರಲ್ಲಿ ಶಿಖರ ಮುಟ್ಟಿದಾಗ ಸುಮಾರು 1.95 ಕೋಟಿ ಜನರಿದ್ದರು, ಈಗ 1.3 ಕೋಟಿಗೂ ಕಡಿಮೆ. ಆಮದು ಒಂದು ಕಾರಣ, ಅದರಲ್ಲೂ 2001ರ ನಂತರ ಚೀನಾದ ಸರಕಿನ ಹೊಡೆತಕ್ಕೆ ಊರಿಗೆ ಊರೇ ಸೊರಗಿದ ಉದಾಹರಣೆಗಳಿವೆ. ಸುಂಕಕ್ಕೆ ಜನಬೆಂಬಲ ಇರುವುದು ಆ ನೋವಿನಿಂದ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಯಂತ್ರೀಕರಣ ಇನ್ನೊಂದು ದೊಡ್ಡ ಕಾರಣ. ಮರಳಿ ಬರುವ ಕಾರ್ಖಾನೆಯಲ್ಲಿ ಮ್ಯಾಗ್ನೆಟೋ ಜೋಡಿಸುವ 29 ಜನ ಇರುವುದಿಲ್ಲ, ರೋಬೋಟ್‌ಗಳನ್ನು ನೋಡಿಕೊಳ್ಳುವ ಕೆಲವೇ ತಂತ್ರಜ್ಞರು ಇರುತ್ತಾರೆ.

2018ರ ವಾಷಿಂಗ್ ಮೆಷಿನ್ ಸುಂಕ ಇದಕ್ಕೊಂದು ಅಳತೆ ಕೊಟ್ಟಿದೆ. ಆಗ ಮೆಷಿನ್ನಿನ ಬೆಲೆ ಸುಮಾರು ಶೇ 12 ಏರಿತು. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಅಷ್ಟೇ ಏರಿತು, ಏಕೆಂದರೆ ಅಮೆರಿಕದಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಕಂಪನಿಗಳು ಹೊರೆಯನ್ನು ಎರಡರ ಮೇಲೂ ಹಂಚಿದವು. ಹೊಸದಾಗಿ ಹುಟ್ಟಿದ ಉದ್ಯೋಗ ಸುಮಾರು 1,800. ಒಂದೊಂದು ಉದ್ಯೋಗಕ್ಕೆ ಬಳಕೆದಾರರು ತೆತ್ತದ್ದು ಎಂಟು ಲಕ್ಷ ಡಾಲರ್‌ಗೂ ಹೆಚ್ಚು ಎಂದು ಫೆಡರಲ್ ರಿಸರ್ವ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ಮೂರನೆಯದು ಕೈಗಳ ಪ್ರಶ್ನೆ. 1907ರ ಅಮೆರಿಕ ಸರಕಿಗೆ ಗೋಡೆ ಕಟ್ಟಿ ಜನರಿಗೆ ಬಾಗಿಲು ತೆರೆದಿತ್ತು. ಇಂದಿನದು ಎರಡನ್ನೂ ಮುಚ್ಚಲು ಹೊರಟಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದಲ್ಲಿ ಹ್ಯುಂಡೈ–ಎಲ್‌ಜಿ ಬ್ಯಾಟರಿ ಕಾರ್ಖಾನೆ ಇನ್ನೂ ಕಟ್ಟುತ್ತಿರುವಾಗಲೇ ವಲಸೆ ಅಧಿಕಾರಿಗಳು ದಾಳಿ ಮಾಡಿ ಸುಮಾರು 475 ಜನರನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದವರು. ಕಾರ್ಖಾನೆ ತನ್ನಿ ಎಂದು ಕರೆದ ದೇಶವೇ ಅದನ್ನು ಕಟ್ಟಲು ಬಂದವರನ್ನು ಬಂಧಿಸಿತು. ಅದೇ ತಿಂಗಳು ಹೊಸ ಎಚ್‌–1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಬೆಂಗಳೂರಿನ ಐಟಿ ಕಂಪನಿಗಳಿಗೂ ಅಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೂ ಸುಂಕಕ್ಕಿಂತ ನೇರವಾಗಿ ತಟ್ಟಿದ ಸುದ್ದಿ ಇದು.

ಬೆಳೆಯಲಾಗದ್ದಕ್ಕೆ ಸುಂಕ ಹಾಕಿ ಪ್ರಯೋಜನವಿಲ್ಲ ಎಂಬುದು ಮೆಕಿನ್ಲಿಗೆ ಗೊತ್ತಿತ್ತು. 1890ರ ಕಾಯ್ದೆಯಲ್ಲಿ ಕಾಫಿ, ಟೀಗಳಿಗೆ ಸುಂಕ ಇರಲಿಲ್ಲ. ಅವನ್ನು ಕಳಿಸುವ ದೇಶಗಳು ಅಮೆರಿಕದ ಸರಕಿಗೆ ಅನ್ಯಾಯದ ಸುಂಕ ಹಾಕಿದರೆ ಮಾತ್ರ ತಿರುಗಿ ಹಾಕುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡಲಾಗಿತ್ತು. ಟ್ರಂಪ್ ಆಡಳಿತ ಕಾಫಿ, ಟೀ, ಬಾಳೆಹಣ್ಣುಗಳನ್ನು ತನ್ನ ಪ್ರತಿಸುಂಕದ ಪಟ್ಟಿಯಿಂದ ಹೊರಗಿಟ್ಟದ್ದು ದಿನಸಿ ಬೆಲೆ ಏರಿ ಜನ ಗೊಣಗಲು ಶುರುಮಾಡಿದ ಮೇಲೆ, 2025ರ ನವೆಂಬರ್‌ನಲ್ಲಿ.

ಸಿದ್ಧ ಉಡುಪಿನ ವಿಷಯದಲ್ಲಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಬಟ್ಟೆ ನೇಯಲು, ಕತ್ತರಿಸಲು ಯಂತ್ರ ಇದೆ. ಮೆತ್ತನೆಯ ಬಟ್ಟೆಯನ್ನು ಮಡಿಸಿ, ಎಳೆದು, ಸೂಜಿಯ ಕೆಳಗೆ ಸರಿಯಾಗಿ ಒಡ್ಡಲು ಇಂದಿಗೂ ಮನುಷ್ಯರ ಬೆರಳೇ ಬೇಕು. ಅದಕ್ಕೇ ಹೊಲಿಗೆ ಕೂಲಿ ಅಗ್ಗವಿರುವ ಕಡೆಗೆ ಚಲಿಸುತ್ತ ಬಂದಿದೆ: ನ್ಯೂಯಾರ್ಕಿನಿಂದ ಅಮೆರಿಕದ ದಕ್ಷಿಣದ ರಾಜ್ಯಗಳಿಗೆ, ಅಲ್ಲಿಂದ ಏಷ್ಯಾಕ್ಕೆ. 2025ರ ಆಗಸ್ಟ್‌ನಲ್ಲಿ ಭಾರತದ ಉಡುಪಿನ ಮೇಲೆ ಶೇ 50 ಹೆಚ್ಚುವರಿ ಸುಂಕ ಬಿದ್ದಾಗ ಬಾಂಗ್ಲಾದೇಶ, ವಿಯೆಟ್ನಾಂಗಳಿಗೆ ನಿಗದಿಯಾದ ಹೆಚ್ಚುವರಿ ಸುಂಕ ಶೇ 20. ಇಂಥ ಅಂತರ ಇದ್ದಾಗ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ನಿಂದ ಕೈತಪ್ಪುವ ಆರ್ಡರು ಢಾಕಾಕ್ಕೋ ಹೋ ಚಿ ಮಿನ್ ನಗರಕ್ಕೋ ಹೋಗುತ್ತದೆಯೇ ಹೊರತು ಅಮೆರಿಕದ ಕೆರೊಲಿನಾಕ್ಕೆ ಹೋಗುವುದಿಲ್ಲ. ಇಲ್ಲಿ ಹೊಲಿಯುವ ಹೆಣ್ಣುಮಕ್ಕಳ ಕೆಲಸ ಹೋಗುತ್ತದೆ, ಅಲ್ಲಿ ಯಾರಿಗೂ ಆ ಕೆಲಸ ಸಿಗುವುದಿಲ್ಲ.